ವಾರಕ್ಕೆ ಹತ್ತು ನಿಮಿಷ

ಗೋಣಿಕೊಪ್ಪದಲ್ಲಿ ಕಾರಿನ ಎಸಿ ರಿಪೇರಿ ಅಂಗಡಿ ಇಟ್ಟವನಿಗೆ
ಮೊದಲ ಗಿರಾಕಿ ನಗು.
'ಇಲ್ಲಿ ಎಸಿಯಾ? ಕಿಟಕಿ ಇಳಿಸಿದರೆ ಆಯ್ತಲ್ಲ ಮಾರಾಯ.'
ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಮೊಯ್ದು ಮೇಸ್ತ್ರಿ
ಹದಿನಾರು ವರ್ಷ ಆ ನಗುವಿಗೆ ಚಹಾ ಕೊಟ್ಟರು.
ಆಮೇಲೆ ಮಂಡಿನೋವೆಂದು ಮನೆಯಲ್ಲಿ ಕೂತರು,
ಅಂಗಡಿ, ಗೇಜು, ನಗು ಮೂರನ್ನೂ ನನಗೆ ಬಿಟ್ಟು.

ಬಿಸಿಲೂರಿನ ಕಂಪ್ರೆಸರು ದುಡಿದು ಸಾಯುತ್ತೆ.
ನಮ್ಮೂರಿನದು ಕೂತು ಕೂತು.

ಬೊಳ್ಳವ್ವ ಸಿಸ್ಟರ್ ಬಂದದ್ದು ಮೇ ಕೊನೆಗೆ.
ಬಿಳಿ ಆಲ್ಟೊ, ಹಿಂದೆ ಹತ್ತಿ, ಸಲೈನ್ ಬಾಟಲಿ,
ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವ ಕಾರು.
ಬಾನೆಟ್ ಎತ್ತಿದೆ. ಕಂಪ್ರೆಸರಿನ ಮೂತಿಯ ಸುತ್ತ
ಧೂಳು ಕುಡಿದ ಎಣ್ಣೆಯ ಕಪ್ಪು ಉಂಗುರ.
'ಕೊನೆಗೆ ಯಾವಾಗ ಹಾಕಿದ್ರಿ?'
ಯೋಚಿಸಿದರು.
'ಮೈಸೂರಿಗೆ ಹೋಗಿದ್ದೆ, ತಂಗಿ ಮಗಳ ನಿಶ್ಚಿತಾರ್ಥ.
ಅವಳ ಮಗು ಈಗ ಯುಕೆಜಿ.'

ಅದರೊಳಗೆ ಎಣ್ಣೆಗೆ ಬೇರೆ ದಾರಿ ಇಲ್ಲ, ಸಿಸ್ಟರ್.
ಗ್ಯಾಸ್ ಹೊರಟರೆ ಅದರ ಬೆನ್ನೇರಿ ಹೊರಡುತ್ತೆ,
ಪೈಪು ಸುತ್ತಿ, ಕಾಯ್ದು, ತಣಿದು,
ತಿರುಗಿ ಬರುವಾಗ ಶಾಫ್ಟಿನ ಕೊರಳಿನ ಸೀಲನ್ನು
ಒಂದಿಷ್ಟು ನೆನೆಸಿ ಬರುತ್ತೆ.
ಗ್ಯಾಸ್ ಹೊರಡದಿದ್ದರೆ ತಳದಲ್ಲಿ ಮಲಗುತ್ತೆ.
ಸೀಲು ಒಣಗಿ, ಹಳೇ ಚಪ್ಪಲಿಯ ಬಾರಿನ ಹಾಗೆ ಸೀಳುತ್ತೆ.
ಮತ್ತೆ ಗ್ಯಾಸು ಹೊರಬೀಳಲು
ನಿಮ್ಮ ಅಪ್ಪಣೆ ಕೇಳುವುದಿಲ್ಲ.

'ನಮ್ಮ ರೋಗಿಗಳಿಗೂ ಇದೇ' ಅಂದರು,
'ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.'
ನನ್ನ ಕಸುಬಿನಲ್ಲಿ ಯಾರಿಗೂ
ಇಷ್ಟು ಬೇಗ ಅರ್ಥವಾದದ್ದಿಲ್ಲ.

ಬೆಲ್ಟ್ ಬಿಚ್ಚಿದೆ. ಸೀಲು ಬದಲು, ಹಸಿರು ಓ-ರಿಂಗು ನಾಲ್ಕು,
ಎಣ್ಣೆ ಅಳೆದು ಹಾಕಿದೆ:
ಹೆಚ್ಚಾದರೂ ಕೊಲ್ಲುತ್ತೆ, ಅದು ಮೇಸ್ತ್ರಿಯ ಮಾತು.
ಬ್ಲೋವರ್ ಬಿಚ್ಚಿದರೆ ಇಲಿಯ ಸಂಸಾರ.
ಸಿಲ್ವರ್ ಓಕಿನ ಎಲೆ, ಬ್ಯಾಂಡೇಜಿನ ಚೂರು,
ಕಚ್ಚಿ ಉಳಿಸಿದ ಅರ್ಧ ಚೀಟಿ: 'ಊಟದ ನಂತರ'.
ವ್ಯಾಕ್ಯೂಮ್ ಪಂಪು ಮುಕ್ಕಾಲು ಗಂಟೆ ಕೊರೆಯಿತು.
ಸೂಜಿ ಸೊನ್ನೆಯ ಕೆಳಗಿಳಿದು ನಿಂತಿತು.
ಪಂಪು ಆರಿಸಿ ನಾವೂ ನಿಂತೆವು, ಏರಬಾರದೆಂದು.
ಏರಲಿಲ್ಲ.

ಗ್ಯಾಸ್ ತುಂಬಿ ಗುಂಡಿ ಒತ್ತಿದೆ.
ಟಕ್.
ಕ್ಲಚ್ಚು ಕಚ್ಚುವ ಈ ಸದ್ದಿಗೆ ನಾನು ಇಂದಿಗೂ ಮರುಳು.
ಎಂಜಿನ್ನು ಒಮ್ಮೆ ಕುಗ್ಗಿ,
ಮೂಟೆ ಹೊತ್ತವನ ಹಾಗೆ ಸಾವರಿಸಿಕೊಂಡಿತು.

ಬಿಲ್ಲಿನ ಹಿಂದೆ ಬರೆದುಕೊಟ್ಟೆ:
ವಾರಕ್ಕೆ ಹತ್ತು ನಿಮಿಷ. ಚಳಿಯಿದ್ದರೂ.
'ಸ್ವೆಟರ್ ಹಾಕಿಕೊಂಡು ಎಸಿ ಹಾಕಬೇಕಾ?'
ಹಾಕಬೇಕು.
ಇನ್ನೊಂದು, ಸಿಸ್ಟರ್, ಇದು ಬರೀ ತಂಪಿನ ಯಂತ್ರ ಅಲ್ಲ.
ಒದ್ದೆ ಬಟ್ಟೆ ಹಿಂಡಿದ ಹಾಗೆ ಗಾಳಿಯನ್ನು ಹಿಂಡುತ್ತೆ.
ಗಾಜು ಕುರುಡಾದಾಗ ಹಾಕಿ ನೋಡಿ.
ಅವರು ದುಡ್ಡು ಎಣಿಸುತ್ತಿದ್ದರು. ಕೇಳಿಸಿತೋ ಇಲ್ಲವೋ.
ಐನೂರು ಕಡಿಮೆ ಬಿತ್ತು. ಆಮೇಲೆ ಕೊಡಿ ಅಂದೆ.

ಜುಲೈ. ರಾತ್ರಿ ಹನ್ನೊಂದೂವರೆ. ಫೋನು.
ಬಿರುನಾಣಿಯಿಂದ ಇಳಿಯುವ ಯಾವುದೋ ತಿರುವು,
ಒಂದೇ ಕಡ್ಡಿ ಸಿಗ್ನಲ್ಲು.
ಹಿಂದಿನ ಸೀಟಿನಲ್ಲಿ ಉಬ್ಬಸದ ಮುದುಕರು, ಅವರ ಸೊಸೆ.
ಮೂವರ ಉಸಿರು ಗಾಜಿಗೆ ಒಳಗಿಂದ ಸುಣ್ಣ ಬಳಿದಿದೆ.
ಹೊರಗೆ ಮಂಜು ಹೊರಗಿನ ಪಾಲು ಬಳಿದಿದೆ.
ಒರೆಸಿ ಒರೆಸಿ ಟವೆಲು ಸೋತಿದೆ.
'ಯಾವ ಗುಂಡಿ ಅಂದಿದ್ದೆ ನೀನು?'

ಗಾಳಿಯ ಬಾಣ ಗಾಜಿನತ್ತ ತಿರುಗಿಸಿ. ನೀಲಿ ಗುಂಡಿ ಒತ್ತಿ.
ಫೋನಿನೊಳಗೆ, ನನ್ನ ಕಿವಿಯ ಹತ್ತಿರವೇ,
ಟಕ್.
ವೈಪರಿನ ಓಡಾಟ. ಮುದುಕರ ಕೆಮ್ಮು.
'ಅಂಗೈಯಷ್ಟು ಬಿಟ್ಟಿದೆ' ಅಂದರು.
ತುಸು ಹೊತ್ತು.
'ಬಿಳಿ ಗೆರೆ.'
ಮತ್ತೂ ತುಸು ಹೊತ್ತು.
'ದನ ಮಲಗಿದೆ ರಸ್ತೇಲಿ. ಇಡ್ತೇನೆ.'

ಆ ಐನೂರು ಇನ್ನೂ ಬಾಕಿ.
ಭಾನುವಾರ ಚರ್ಚಿನ ಗಂಟೆ ಮುಗಿದ ಮೇಲೆ
ಬಿಳಿ ಆಲ್ಟೊ ಅಂಗಡಿಯ ಮುಂದೆ ಹಾದುಹೋಗುತ್ತದೆ,
ಕೊರೆಯುವ ಚಳಿಯಲ್ಲಿ ಗಾಜು ಏರಿಸಿ,
ಒಳಗೆ ಕಂದು ಸ್ವೆಟರು, ಕಿವಿಗೆ ಮಫ್ಲರು,
ಹಾರ್ನು ಒಂದೇ ಸಲ.
ನಾನು ಗಡಿಯಾರ ನೋಡುತ್ತೇನೆ.