ಒಂದೇ ಹಾಳೆಯಲ್ಲಿ ಹಿಡಿಯಬೇಕು

ಶನಿವಾರ ಹನ್ನೊಂದಕ್ಕೆ ಡೀನರು ಬಾಗಿಲಲ್ಲೇ ನಿಂತು
‘ಹಿಲ್ಡಾ, ಒಂದೇ ಹಾಳೆ’ ಎನ್ನುತ್ತಾರೆ.
ಹತ್ತೊಂಬತ್ತು ವರ್ಷದಿಂದ ಒಂದೇ ಹಾಳೆ.
ಡೀನರು ಆರು ಮಂದಿ ಬದಲಾದರು,
ಹಾಳೆ ಎ-ಫೋರೇ.

ಎಡಗಡೆ ಆದದ್ದು, ಬಲಗಡೆ ಆಗಬೇಕಾದದ್ದು,
ನಡುವೆ ಒಂದು ಗೆರೆ. ಆ ಗೆರೆಯ ಮೇಲೆ
ನಾನು ಕೂತಿದ್ದೇನೆ, ಕೊಣಾಜೆ ಗುಡ್ಡದಲ್ಲಿ,
ಫ್ಯಾನಿಗೆ ಕಾಗದ ಹಾರದ ಹಾಗೆ
ಭೂವಿಜ್ಞಾನದವರು ಕೊಟ್ಟ ಮುರಕಲ್ಲಿನ ತುಂಡಿಟ್ಟು.

ಆದದ್ದು:
ಭೌತಶಾಸ್ತ್ರಕ್ಕೆ ದ್ರವ ಸಾರಜನಕ ಬಂತು ಬೈಕಂಪಾಡಿಯಿಂದ,
ತೊಕ್ಕೊಟ್ಟಿನ ಬ್ಲಾಕಿನಲ್ಲಿ ಒಂದೂವರೆ ಗಂಟೆ ನಿಂತು,
ಗಾಳಿಯದ್ದು ಗಾಳಿಗೆ ಒಂದಿಷ್ಟು ಕೊಟ್ಟು.
ಸಸ್ಯಶಾಸ್ತ್ರದ ಹಿಂದೆ ಗೇರುಮರದ ಬುಡದಲ್ಲಿ
ಹೆಸರಿಲ್ಲದ ಅಣಬೆಯೊಂದು ಸಿಕ್ಕಿತು;
ಹೆಸರಿಡುವ ಮೊದಲೇ ನವಿಲು ಕುಕ್ಕಿ ಹೋಯಿತು.
ಗಣಿತದವರ ಮಾಡು ಸೋರಿದ್ದು ಸುದ್ದಿಯಲ್ಲ.

ಆಗಬೇಕಾದದ್ದು:
ಮಂಗಳವಾರ ಮೂರಕ್ಕೆ ಪ್ರೊಫೆಸರ್ ಉಚ್ಚಿಲರ ಕೊನೆಯ ಉಪನ್ಯಾಸ.
ನ್ಯೂಟ್ರಿನೋ. ಮತ್ತೆ ಚಾ, ಗೋಳಿಬಜೆ.
ಗೋಳಿಬಜೆ ಎಂದು ಬರೆದರೆ ಮಂದಿ ಬರುತ್ತಾರೆ, ಅನುಭವ.
ಗುರುವಾರ ರಸಾಯನಶಾಸ್ತ್ರದಲ್ಲಿ ಹುಲಿವೇಷದ ಬಣ್ಣದ ಪರೀಕ್ಷೆ,
ಸೀಸ ಎಷ್ಟು, ಟರ್ಪೆಂಟೈನ್ ಎಷ್ಟು.
ಅಟೆಂಡರ್ ದೇಜಪ್ಪ ಮೊದಲ ಶೀಷೆ ಈಗಲೇ ತಂದಿಟ್ಟಿದ್ದಾನೆ,
ಕಳೆದ ವರ್ಷ ಹದಿನೈದು ದಿನ ಬೆನ್ನು ತುರಿಸಿಕೊಂಡವ.
ಶುಕ್ರವಾರ ರಾತ್ರಿ ತಾರಸಿಯಲ್ಲಿ ಶನಿಗ್ರಹ ದರ್ಶನ,
ಮೋಡ ಇಲ್ಲದಿದ್ದರೆ. ನಾಲ್ಕು ವಾರದಿಂದ
ಇದೇ ಸಾಲನ್ನು ಕಾಪಿ ಮಾಡಿ ಅಂಟಿಸುತ್ತಿದ್ದೇನೆ.

ಇನ್ನು ಕಳೆದ ಬುಧವಾರದ್ದು. ಅದು ಎಡಗಡೆಗೋ, ಬಲಗಡೆಗೋ?
ಮೈಮೂನಾಳ ವೈವಾ. ವಿಷಯ, ಬೂತಾಯಿ ಮೀನಿನ ಕಿವಿಕಲ್ಲು.
ಸಾಸಿವೆಯಷ್ಟೇ ಅಂತೆ. ಅದರೊಳಗೆ ಉಂಗುರ,
ಉಂಗುರದೊಳಗೆ ಉಂಡ ದಿನ, ಉಪವಾಸದ ದಿನ.
ಐದು ವರ್ಷ ಎಣಿಸಿದ್ದಾಳೆ ಹುಡುಗಿ, ಕಣ್ಣಿಗೆ ಕನ್ನಡಕ ಬಂತು.
ಕೊಚ್ಚಿಯ ಪರೀಕ್ಷಕರು ಏಳು ಪ್ರಶ್ನೆ ಕೇಳಿದರು,
ಏಳಕ್ಕೂ ಹೇಳಿದಳು, ನೀರು ಕುಡಿಯದೆ.
‘ಸಾರ್ವಜನಿಕರಿಂದ ಪ್ರಶ್ನೆ?’ ಎಂದರು, ರೂಢಿಗೆ.
ಯಾವತ್ತೂ ಯಾರೂ ಏಳುವುದಿಲ್ಲ,
ಆ ಹೊತ್ತಿಗೆ ಹೊರಗೆ ಚಾ ಬಂದಿರುತ್ತದೆ.

ಹಿಂದಿನ ಬೆಂಚಿನಲ್ಲಿ ಕೈ ಎತ್ತಿದರು
ದಕ್ಕೆಯ ಸೂರಪ್ಪ ಮೆಂಡನ್.
ಸೋಮವಾರ ಸೋಮವಾರ ಮುಂಜಾವು
ಬುಟ್ಟಿಯಿಂದ ಇಪ್ಪತ್ತು ಮೀನು ಇವಳಿಗೆಂದು ತೆಗೆದಿಟ್ಟವರು.
ಇಸ್ತ್ರಿಯ ಬಿಳಿ ಅಂಗಿ. ಕಿಸೆಯಲ್ಲಿ
ನನ್ನ ಹಾಳೆ, ನಾಲ್ಕು ಮಡಿಕೆ.
‘ಮೇಡಂ’ ಎಂದರು, ಐದು ವರ್ಷ ‘ಮಗಾ’ ಎಂದವರು,
‘ಈ ಸಲ ಬೂತಾಯಿ ಯಾಕೆ ಬರಲಿಲ್ಲ?’

ಮೈಮೂನಾ ನೀರು ಕುಡಿದಳು.
ಪರದೆಯ ಮೇಲಿನ ಉಂಗುರಗಳನ್ನು ನೋಡಿದಳು.
‘ಗೊತ್ತಿಲ್ಲ ಮೆಂಡನಣ್ಣ. ಇನ್ನೂ ಗೊತ್ತಿಲ್ಲ.’
ಅವರು ತಲೆಯಾಡಿಸಿ ಕೂತರು,
ಕಡಲಿನಿಂದಲೂ ಇದೇ ಉತ್ತರ ಕೇಳಿ ಬಂದವರ ಹಾಗೆ.

‘ಡಾಕ್ಟರೇಟ್, ಅಭಿನಂದನೆ, ಅಷ್ಟು ಸಾಕು’ ಎಂದರು ಡೀನರು.
ಒಂದು ಸಾಲು. ಸರಿ, ಎಡಗಡೆ ಹಾಕಿದೆ.
ಮತ್ತೆ ಬಾಗಿಲು ಮುಚ್ಚಿದ ಮೇಲೆ
ಉಚ್ಚಿಲರ ಚಾ ತೆಗೆದು, ಗೋಳಿಬಜೆ ಉಳಿಸಿ,
ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸಿ,
ಬಲಗಡೆಯ ಕೊನೆಗೆ ಜಾಗ ಮಾಡಿ ಟೈಪು ಮಾಡಿದೆ:
ಬೂತಾಯಿ ಯಾಕೆ ಬರಲಿಲ್ಲ.
ದಿನ, ಸಮಯ, ಸ್ಥಳ ನಂತರ ತಿಳಿಸಲಾಗುವುದು.

ಫಲಕಕ್ಕೆ ಪಿನ್ನು ಚುಚ್ಚುವಾಗ
ಬೆನ್ನ ಹಿಂದೆ ನಿಂತು ಓದಿದ ದೇಜಪ್ಪ.
ಬೆರಳಿಟ್ಟು, ನಿಧಾನಕ್ಕೆ, ಕೊನೆಯವರೆಗೆ.
‘ಬಾಯಿ, ಇದಕ್ಕೂ ಗೋಳಿಬಜೆ ಉಂಟಾ?’