ಕಸಬರಿಗಿ ಲೆಕ್ಕ

ನನ್ನ ಕಡ್ಡಿ ಕಸಬರಿಗಿ ದಿನಾ ದಿನಾ ತೆಳ್ಳಗಾಗತಿತ್ತು.
ಹೆಗ್ಗಣ ಅಂದಕೊಂಡೆ ಮೊದಲ.
ಹೆಗ್ಗಣ ಕಡ್ಡಿ ಎಣಿಸಿ ಒಯ್ತಾವೇನು?
ಸರಿಯಾಗಿ ನಲವತ್ತು.

ಸವಟು ಹಿಡಕೊಂಡ ಹೋದೆ ಎಂಟನೇ ಬ ವರ್ಗಕ್ಕ.
ಬಾಗಲದಾಗ ನಿಂತು ಬಾಯಿ ತಗದೆ,
ಬೈಗಳ ಅಲ್ಲೇ ನಾಲಿಗಿ ಮ್ಯಾಲ ಕುಂತಬಿಡ್ತು.

ಎರಡು ಬೆಂಚು. ನಡುವ ಒಂದು ಮೊಳ ಖಾಲಿ.
ಆ ಖಾಲಿ ಮ್ಯಾಲ ನನ್ನ ಕಸಬರಿಗಿ
ಒಂದಕ್ಕೊಂದು ಕೈ ಕೊಟ್ಟು ನಿಂತಿತ್ತು.
ಬೆಟಗೇರಿ ಮಗ್ಗದಾಗ ಉಳದ ಎಳಿ ತಂದು
ಗೆಣ್ಣಿಗೆ ಗೆಣ್ಣು ಬಿಗದಿದ್ರು.
ಗೋಂದು ಮುಟ್ಟಂಗಿಲ್ಲಂತ. ಮೊಳಿ ಹೊಡ್ಯಂಗಿಲ್ಲಂತ.
ಕಡ್ಡಿ ನಲವತ್ತು, ದಾರ ನಾಕು ಮಾರು, ತಾಸು ಒಂದು:
ಹೂಲಗೇರಿ ಅಕ್ಕೋರು ಬೋರ್ಡಿನ ಮ್ಯಾಲ ಬರದಿದ್ರು.

"ಬಸಲಿಂಗವ್ವಾ, ಭಾರ ಬೇಕಾಗಿತ್ತ," ಅಂದ ಫಕೀರೇಶ,
ಕಳ್ಳ ತಾನೇ ಅನ್ನೂದು ಮರತು.
ಉಪ್ಪಿನ ಪಾಕೀಟು ತಂದಕೊಟ್ಟೆ, ನಾನೇ.
ಬಿಸಿಊಟದ ಉಪ್ಪು. ಹೆಡ್ ಮಾಸ್ತರಿಗೆ ಹೇಳಬ್ಯಾಡ್ರಿ.

ಒಂದು. ಎರಡು. ಐದಕ್ಕ ತುಸು ಬಾಗಿತು,
ಬಸರಿ ಹೆಂಗಸು ಕುಂದ್ರೂಮುಂದ ಸೊಂಟ ಹಿಡದಂಗ.
ಏಳಕ್ಕ ಯಾರೂ ಉಸರಾಡಲಿಲ್ಲ.
ಮಗ್ಗಲ ವರ್ಗದ ಮಗ್ಗಿ ಕೇಳಸ್ತಿತ್ತು,
ಹದಿಮೂರ ಎಂಟ್ಲೆ ನೂರಾ ನಾಕು.
ಒಂಬತ್ತನೇದು ತಸ್ಲೀಮಾ ಇಟ್ಟಳು,
ಕೂಸಿನ್ನ ತೊಟ್ಟಲಕ್ಕ ಹಾಕಿದಂಗ.
ಕೈ ಬಿಟ್ಟಳು.

ಚಟ್!

ನೆಲದ ತುಂಬ ಉಪ್ಪು, ಕಡ್ಡಿ.
ಅಳ್ತಾಳೇನೋ ಅಂತ ಸೆರಗ ಸೈತ ತಯಾರ ಮಾಡಕೊಂಡೆ.
ಅಕಿ ಮಣಕಾಲೂರಿ ಕುಂತು
ಉಪ್ಪಿನಾಗ ಮಾರಿ ಇಟ್ಟು ಹುಡಕಿದ್ಲು:
"ಅಕ್ಕೋರ, ಇಲ್ಲಿ! ಎಡಕಿನ ಮೂರನೇ ಗಂಟು.
ಕಡ್ಡಿ ಮುರದಿಲ್ಲ. ದಾರ ಜಾರೇತಿ."
"ಬರಕೋ," ಅಂದ್ರು ಅಕ್ಕೋರು.
"ಬರೀದ ಕೈ ಹಚ್ಚಬ್ಯಾಡ."

ಇಷ್ಟಽ.

ಕಸಬರಿಗಿ ಬಿಗಿಯೂ ಗಂಟು ತೋರಿಸಿದೆ ನಾನೂ,
ಎರಡು ಸುತ್ತು, ಒಂದು ಮಡಚು.
ಮರುದಿನ ಅದನ್ನಽ ಹಾಕಿದ್ರು. ಹತ್ತಕ್ಕ ಬಿತ್ತು,
ಬ್ಯಾರೆ ಕಡೆ.
ತಸ್ಲೀಮಾ ಖುಷಿಲೆ ಬರಕೊಂಡ್ಲು.

ನಮ್ಮನ್ಯಾಗೂ ಮುರದಾವ.
ಅವ್ವನ ಗಡಿಗಿ. ತಂಗಿ ಸಂಸಾರ.
ತಪ್ಪು ಯಾರದು ಅಂತ ಓಣಿಗೆ ಓಣೀನಽ ಹೇಳ್ತು.
ಎಲ್ಲಿ ಜಾರಿತು ಅಂತ
ಯಾರೂ ಮಣಕಾಲೂರಿ ನೋಡಲಿಲ್ಲ.

ಈಗ ಅರ್ಧ ಕಸಬರಿಗಿಲೆ ಅಂಗಳ ಹೊಡಿತೇನಿ.
ಸಂದ್ಯಾಗಿನ ಕಸ ಸಂದ್ಯಾಗಽ ಉಳಿತೈತಿ.
ಹೊಸಾದು ಕೊಡಸ್ರಿ ಅಂತ ಕೇಳಾಕ ಹೋಗಿದ್ದೆ.
"ಕಾರಣ?" ಅಂದ್ರು ಆಫೀಸಿನ್ಯಾಗ, ಪೆನ್ನು ತಗದು.
"ಸೇತುವೆ," ಅಂದೆ.