ಬೀಗದ ಕೈ: ಕೊಟ್ಟಿಲ್ಲ

ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು
ಒಣಗಿಸಿ ಮಡಿಸಿದ ಕರಿ ಕಡತ. ಬಳಪದ ಅಕ್ಷರ.
ಒದ್ದೆ ಬೆರಳು ಸಾಕು, ಒಂದು ಸಂವತ್ಸರ ಅಳಿಸಿಹೋಗಲು.
ಅದಕ್ಕೇ ನಾನು ಉಸಿರನ್ನೂ ಪಕ್ಕಕ್ಕೆ ಬಿಡುತ್ತೇನೆ.

ದಿನಗೂಲಿಯವಳು ನಾನು, ದುರ್ಗದ ಕಚೇರಿಯಲ್ಲಿ
ಕಿಟಕಿಗೆ ಬೆನ್ನು ಕೊಟ್ಟು ನುಡಿಯಲ್ಲಿ ಟೈಪು ಮಾಡುವವಳು;
ಬೆನ್ನಿಗೆ ಬಂಡೆಗಳ ಕಾವು ಹನ್ನೊಂದಕ್ಕೇ ಬಂದು ಕೂರುತ್ತದೆ.
ಕಟ್ಟಿನ ಮೇಲಿನ ಚೀಟಿ:
‘ಕೆಂಗಲ್ಲುಪಾಳ್ಯದ ಜಡೆಯಪ್ಪ ನಾಯಕರ ಲೆಕ್ಕ.’
ಜಡೆಯಪ್ಪ ನಾಯಕರು ಇದರಲ್ಲಿ ಖರ್ಚಿನ ಬಾಬತ್ತು ಮಾತ್ರ.

ಬರೆದವಳು ಬೋರವ್ವ ನಾಗತಿ.
ಹೇಗೆ ಗೊತ್ತು? ಎರಡನೆಯ ಮಡಿಕೆಯಲ್ಲಿ ತಾನೇ ಹೇಳಿದ್ದಾಳೆ,
ಬೈದ ಹಾಗೆ: ‘ಶಾನುಭೋಗ ಕದ್ದ. ಇಂದಿನಿಂದ ನಾನೇ.’

‘ನಾನು ಈ ಮನೆಗೆ ತಂದದ್ದು’ ಎಂದು ಬೇರೆಯೇ ಒಂದು ಪಟ್ಟಿ:
ಆಕಳು ಐದು, ಕರು ಸಮೇತ. ಬೆಳ್ಳಿಯ ತಂಬಿಗೆ. ಕಠಾರಿ ಒಂದು, ಅಪ್ಪನದು.
ಡೋಲಿಯವನ ಕಾಲಿಗೆ ಮುಳ್ಳು, ಮಧ್ಯಾಹ್ನ ತಡ.
ವಯಸ್ಸು ಹನ್ನೊಂದು.
ಅದನ್ನೂ ದಾಸ್ತಾನಿನ ಸಾಲಿಗೇ ಸೇರಿಸಿದ್ದಾಳೆ.

ರಕ್ತಾಕ್ಷಿ ಸಂವತ್ಸರ, ಕಾರ್ತಿಕ ಬಹುಳ ತದಿಗೆ.
ನಾಯಕರು ದಂಡಿಗೆ ಹೋದದ್ದು. ಆಳು ನೂರಿಪ್ಪತ್ತು,
ಕುದುರೆ ಒಂಬತ್ತು, ಹುರುಳಿ ನಾಲ್ಕು ಖಂಡುಗ.
ಹೊರಟಾಗ ತಿರುಗಿ ನೋಡಿದರೇ? ಅದಕ್ಕೆ ಕಾಲಮ್ಮು ಇಲ್ಲ.

ಐದನೆಯ ತಿಂಗಳು, ಸೂಲಗಿತ್ತಿ ಮಾದವ್ವನಿಗೆ ಸೀರೆ, ಅಕ್ಕಿ ಎರಡು ಸೇರು.
ಕೆಳಗಿನ ಸಾಲು ಹೆಬ್ಬೆರಳಿಂದ ಒರೆಸಿದ್ದು;
ಬೂದಿ ಬಣ್ಣದ ಮೋಡ, ಅದರೊಳಗೆ ಒಂದು ಕೊಂಬು, ಒಂದು ಸೊನ್ನೆ.
ನಿಯಮದಂತೆ ಟೈಪು ಮಾಡಿದೆ: ‘ಇಲ್ಲಿ ಒಂದು ಪಂಕ್ತಿ ಅಸ್ಪಷ್ಟ.’
ಅದರ ಮುಂದಿನದು ಎಮ್ಮೆಗೆ ಹಿಂಡಿ.

ಆಮೇಲೆ ಆರು ವರ್ಷ ಅಳತೆಯೇ ಅಳತೆ.
ಹಗೇವು ತೆಗೆದದ್ದು: ನವಣೆ ಹದಿನೆಂಟು ಕೊಳಗ, ಮೇಲಿನ ಗೇಣು ಮುಗ್ಗಿದೆ.
ಮದ್ದಿಗೆ ಪೆಟ್ಲುಪ್ಪು. ಬತ್ತೇರಿಯ ಕಾವಲಿಗೆ ಕಂಬಳಿ ಏಳು,
‘ಎಂಟು ಕೇಳಿದರು. ಒಬ್ಬ ಹಗಲು ಮಲಗುತ್ತಾನೆ.’
ಕಾಲ್ಕಡಗ ಒಂದು ಜೊತೆ, ಪೇಟೆಯ ಶೆಟ್ಟಿಗೆ ಅಡವು, ಹದಿಮೂರು ವರಹ.
(ಬಿಡಿಸಿಕೊಂಡದ್ದು ಎಲ್ಲೂ ಕಾಣಲಿಲ್ಲ. ಎರಡು ಸಲ ಹುಡುಕಿದೆ.)

ಏಳನೆಯ ವರ್ಷ ನಾಯಕರು ಬಂದರು, ಒಂದು ಕಣ್ಣು ಕಳೆದುಕೊಂಡು,
ಒಬ್ಬಳನ್ನು ಕರೆದುಕೊಂಡು. ಹೊಳೆಯಾಚೆಯವಳು, ಪಾಲಕ್ಕ.
ನಾಗತಿ ಬರೆಯುತ್ತಾಳೆ, ಬಳಪ ಒತ್ತಿದ ಜಾಗ ಬಟ್ಟೆ ತರಿದಿದೆ:
‘ಹೊಸಬಳಿಗೆ ಕೊಟ್ಟದ್ದು. ಚಾಪೆ ಒಂದು. ಎಣ್ಣೆ ಒಂದು ಮಾನ.
ಮೂಡಲ ಕೋಣೆ. ಉಗ್ರಾಣದ ಬೀಗದ ಕೈ: ಕೊಟ್ಟಿಲ್ಲ.’
ನನಗೆ ನಗು ಬಂತು. ಮೇಲ್ವಿಚಾರಕರು ತಲೆಯೆತ್ತಿ ನೋಡಿದರು.

ಪ್ರತಿ ಯುಗಾದಿಯ ಮಾರನೆಯ ದಿನ ದಾಸ್ತಾನು ಎಣಿಸುವಾಗ
ಅದೇ ಮಾತು. ಕೊಟ್ಟಿಲ್ಲ. ಕೊಟ್ಟಿಲ್ಲ.
ನಾಯಕರು ಸತ್ತ ವರ್ಷ: ಹೊದಿಕೆ, ಹೂವು,
ತಮಟೆಯವರಿಗೆ ರಾಗಿ ಹತ್ತು ಬಳ್ಳ. ಬೀಗದ ಕೈ: ಕೊಟ್ಟಿಲ್ಲ.

ಒಂಬತ್ತನೆಯ ಮಡಿಕೆಯಲ್ಲಿ ಎಡವಿದೆ.
ಮೇಲಿಂದ ಕೆಳಗೆ ಬರೀ ಅ ಆ ಇ ಈ.
ಮಗುವಿನ ವಾರೆ, ಆದರೆ ಮಗುವಿನ ಭಂಡ ಧೈರ್ಯವಿಲ್ಲ.
ಪಕ್ಕದಲ್ಲಿ ನಾಗತಿಯ ನೆಟ್ಟಗಿನ ಕೈ: ‘ಳ ಹೀಗಲ್ಲ. ಸುರುಳಿ ಒಳಕ್ಕೆ.’
ಯಾವ ಸಂಜೆ ಶುರುವಾಯಿತು, ಯಾರು ಮೊದಲು ಕೇಳಿದರು,
ಒಂದೇ ದೀಪಕ್ಕೆ ಇಬ್ಬರೂ ಬಾಗಿದಾಗ ಏನು ಮಾತಾಡಿದರು, ಇಲ್ಲ.
ಎಣ್ಣೆ ಮಾತ್ರ ಆ ತಿಂಗಳು ಅರ್ಧ ಮಾನ ಹೆಚ್ಚು.

ಕೊನೆಯ ಮಡಿಕೆ ಪೂರ್ತಿ ಆ ವಾರೆ ಕೈ.
ಹುರುಳಿ. ಉಪ್ಪು. ಬೇಲಿ ಕಟ್ಟಿದವರಿಗೆ ಅಂಬಲಿ.
‘ಅಕ್ಕನಿಗೆ ಮೆಣಸು, ಜೇನು ಅರ್ಧ ಸೇರು.’
‘ಅಕ್ಕನಿಗೆ ಜೇನು.’
‘ಅಕ್ಕನಿಗೆ ಬಟ್ಟೆ ಒಂಬತ್ತು ಮೊಳ. ತಮಟೆ ಬೇಡ ಎಂದಿದ್ದಳು.’
ಅದರ ಕೆಳಗೆ, ಸುರುಳಿಯನ್ನು ನಿಧಾನ ಒಳಕ್ಕೆ ತಿರುಗಿಸಿ:
‘ಬೀಗದ ಕೈ ಮೊನ್ನೆಯೇ ಕೊಟ್ಟಳು.’

ಇಷ್ಟು ಟೈಪು ಮಾಡುವ ಹೊತ್ತಿಗೆ ಕರೆಂಟು ಹೋಯಿತು.
ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇವೆ.
ಸೇವ್ ಮಾಡಿದ್ದೆನೋ ಇಲ್ಲವೋ.
ಬೆವೆತ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು
ಕಡತ ಮಡಿಸತೊಡಗಿದೆ, ಕೊನೆಯಿಂದ.